ಕಾಟಿನಿಂದ ಬಚ್ಚಲಕ್ಕೆ 23 ಹೆಜ್ಜೆ

ಆಯಿ ಬಿದ್ದದ್ದು ದಸರಾ ರಜೆಯಲ್ಲಿ, ನಾನು ಊರಿಗೆ ಹೋದ ಮೂರನೇ ರಾತ್ರಿ. ಎರಡು ಗಂಟೆ ಆಗಿರಬೇಕು. ಜೋಳದ ಚೀಲ ಬಿದ್ದ ಹಾಗೆ ಸಪ್ಪಳ. ಆಮೇಲೆ "ಯವ್ವಾ" ಅಂತ ಒಂದೇ ಸಲ. ಅದೂ ಜೋರಾಗಿ ಅಲ್ಲ. ಬೆಳಗಾಗೋ ಹೊತ್ತಿಗೆ ನಾವು ಮಿರಜದ ಒಂದು ಆಸ್ಪತ್ರೆಯಲ್ಲಿದ್ದೆವು, ಅಪ್ಪನ ಕೈಯಲ್ಲಿ ಎಕ್ಸ್‌ರೇ ಇತ್ತು. ಬಲಗಾಲಿನ ತೊಡೆಯೆಲುಬು ಸೊಂಟದ ಹತ್ತಿರ ಮುರಿದಿತ್ತು. ಆಯಿಗೆ 74 ವರ್ಷ.

ಮೊದಲು ಮನೆ ಬಗ್ಗೆ ಹೇಳಬೇಕು, ಯಾಕಂದ್ರೆ ಈ ಲೇಖನದಲ್ಲಿ ಮನೆನೇ ಜಾಸ್ತಿ. (ನಾನು ಎಲ್‌ಕೆಜಿಯಿಂದ ಇಂಗ್ಲಿಷ್ ಮೀಡಿಯಂ. ಒತ್ತಕ್ಷರ ತಪ್ಪಿದ್ದರೆ ಕ್ಲಬ್ಬಿನವರು ತಿದ್ದಿರ್ತಾರೆ, ಅವರೂ ಬಿಟ್ಟಿದ್ದರೆ ನೀವು ತಿದ್ದಿಕೊಂಡು ಓದಿ.) ನಮ್ಮೂರು ಕೃಷ್ಣಾ ದಂಡೆಗೆ, ಉಗಾರದ ಹತ್ತಿರ. ನಾನು ಸಣ್ಣವಳಿದ್ದಾಗ ಅಥಣಿ ತಾಲ್ಲೂಕು, ಈಗ ಕಾಗವಾಡ ತಾಲ್ಲೂಕು. ಮೇಲೆ ಮಹಾರಾಷ್ಟ್ರದಲ್ಲಿ ಕೊಯ್ನಾದಿಂದ ನೀರು ಬಿಟ್ಟರು ಅಂತ ಟಿವಿಯಲ್ಲಿ ಬಂದರೆ ನಮ್ಮ ಮನೆಯಲ್ಲಿ ಕಾಳಿನ ಚೀಲಗಳು ಅಟ್ಟ ಏರ್ತವೆ. 2019ರ ಆಗಸ್ಟ್‌ನಲ್ಲಿ ನೀರು ಪಡಸಾಲೆಗೇ ಬಂತು. ಮಣ್ಣಿನ ಗೋಡೆಗಳು, ನೀರಲ್ಲಿ ನಿಂತು ನಿಂತು ಮುಂದಿನ ಎರಡು ಖೋಲಿ ಕುಸಿದವು. ಅವನ್ನ ಇಟ್ಟಿಗೆ, ಸಿಮೆಂಟಿನಲ್ಲಿ ಮತ್ತೆ ಕಟ್ಟಿಸುವಾಗ ಅಪ್ಪ ತಳಪಾಯವನ್ನ ರಸ್ತೆಯಿಂದ ಮೂರು ಅಡಿ ಎತ್ತರಿಸಿದ. ಹಿಂದಿನ ಭಾಗ, ಅಂದ್ರೆ ಅಡುಗೆಮನೆ, ಒಂದು ಸಣ್ಣ ಖೋಲಿ, ಬಚ್ಚಲು, ಅದಕ್ಕೆ ಹೊಂದಿಕೊಂಡ ಸಂಡಾಸು, ಕಲ್ಲಿನ ಗೋಡೆಯದ್ದು, ಹಾಗಾಗಿ ಬೀಳಲಿಲ್ಲ. ಅದು ಹಳೇ ಮಟ್ಟದಲ್ಲೇ, ಒಂದೂವರೆ ಅಡಿ ಕೆಳಗೆ ಉಳೀತು. ಒಂದೇ ಮನೆಯಲ್ಲಿ ಎರಡು ಮಟ್ಟ, ನಡುವೆ ಒಂಬತ್ತೊಂಬತ್ತು ಇಂಚಿನ ಎರಡು ಮೆಟ್ಟಿಲು. ಹೊಳೆಗೆ ಹೆದರಿ ಮಾಡಿದ ಎತ್ತರ. ಅದರ ಇನ್ನೊಂದು ತುದಿಯಲ್ಲಿ ಆಯಿ ಬೀಳ್ತಾಳೆ ಅಂತ ಯಾರಿಗೂ ಹೊಳೆಯಲಿಲ್ಲ.

ನಮ್ಮ ಕಡೆಯವರಿಗೆ ದೊಡ್ಡ ಆಸ್ಪತ್ರೆ ಅಂದ್ರೆ ಮಿರಜ. ಗಡಿ ಗಲಾಟೆ ಅಂತ ಬಸ್ಸಿಗೆ ಮಸಿ ಬಳಿಯೋದನ್ನ ನೀವು ಟಿವಿಯಲ್ಲಿ ನೋಡಿರ್ತೀರಿ. ನಾವು ಅದೇ ಗಡಿಯನ್ನ ಹೆರಿಗೆಗೆ, ಕಣ್ಣಿನ ಪೊರೆಗೆ, ಎಲುಬು ಮುರಿದಾಗ ದಾಟ್ತಾನೇ ಇರ್ತೀವಿ. ಆಯಿ ನರ್ಸ್‌ಗಳ ಜೊತೆ ಮರಾಠಿ, ನಮ್ಮ ಜೊತೆ ಕನ್ನಡ, ನೋವು ಜಾಸ್ತಿಯಾದಾಗ ಎರಡೂ. ಆಪರೇಷನ್ ಮಾಡಿ ರಾಡ್ ಹಾಕಿದರು. ಮರುದಿನವೇ ಫಿಜಿಯೋಥೆರಪಿಯವರು ವಾಕರ್ ತಂದಿಟ್ಟು "ಆಜೀ, ಉಠಾ" ಅಂದಾಗ ನಾವೆಲ್ಲ ಹೌಹಾರಿದೆವು. ನೆಲದ ಮೇಲೆ ಕೂರಬಾರದು, ಕುಕ್ಕರಗಾಲಲ್ಲಿ ಕೂರೋ ಸಂಡಾಸು ಬೇಡ, ಹಿಂದೆ ಪಟ್ಟಿ ಇಲ್ಲದ ಚಪ್ಪಲಿ ಬೇಡ. ಮೆಟ್ಟಿಲು ಹತ್ತುವಾಗ ಗಟ್ಟಿ ಕಾಲು ಮೊದಲು, ಇಳಿಯುವಾಗ ಆಪರೇಷನ್ ಆದ ಕಾಲು ಮೊದಲು. ಮೆಟ್ಟಿಲ ಮೇಲೆ ವಾಕರ್ ಬೇಡ, ಕಂಬಿ ಹಿಡೀಬೇಕು. ಹೀಗೆ ಬಹಳ ಹೇಳಿದರು. ಎಲ್ಲಕ್ಕಿಂತ ಜಾಸ್ತಿ ಸಲ ಹೇಳಿದ್ದು ಒಂದೇ: ನಡೆಸಿರಿ.

ಮನೆಗೆ ತಂದಾಗ ನಾಲ್ಕು ಜನ ಪ್ಲಾಸ್ಟಿಕ್ ಕುರ್ಚಿ ಸಮೇತ ಎತ್ತಿಕೊಂಡು ಮುಂದಿನ ಮೆಟ್ಟಿಲು ಹತ್ತಿಸಿದರು. ಓಣಿ ಪೂರ್ತಿ ನೋಡ್ತಿತ್ತು. ಆಯಿ ಸೆರಗಿನಿಂದ ಮುಖ ಮುಚ್ಚಿಕೊಂಡಿದ್ದಳು. ನಾನು ಎರಡು ದಿನ ಇದ್ದು ಹಾಸ್ಟೆಲಿಗೆ ಬಂದೆ.

ನಡೆಸಿರಿ ಅಂದದ್ದನ್ನ ನಾವು ಮಾಡಲಿಲ್ಲ. ಮಾಡಿದ್ದು ಉಲ್ಟಾ. "ಏಳಬ್ಯಾಡ ಯವ್ವಾ, ಬಿದ್ದರ ಮತ್ತ ಮಿರಜಕ್ಕ ಹೋಗಬೇಕಾಕ್ಕೈತಿ" ಅಂತ ಅಪ್ಪ. "ಕರೀರಿ, ನಾ ಬರತೀನಿ" ಅಂತ ಅವ್ವ. ನಾನೂ ಕಡಿಮೆ ಏನಲ್ಲ. ಹಾಸ್ಟೆಲಲ್ಲಿ ಕೂತು ಓದಿದೆ: ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 6,84,000 ಜನ ಬಿದ್ದು ಸಾಯ್ತಾರೆ, ಆಕಸ್ಮಿಕ ಗಾಯಗಳಿಂದಾಗೋ ಸಾವಿನಲ್ಲಿ ರಸ್ತೆ ಅಪಘಾತ ಬಿಟ್ಟರೆ ಇದೇ ಹೆಚ್ಚು, ಅದರಲ್ಲೂ ವಯಸ್ಸಾದವರು. ಓದಿ ಹೆದರಿ ವಿಡಿಯೋ ಕಾಲ್ ಮಾಡಿ ನಾನೂ ಅದನ್ನೇ ಅಂದೆ: ಆಯಿ, ಏಳಬ್ಯಾಡ ಬೇ. ಪ್ರತಿ ಸಲ ಕಾಲ್ ಮಾಡಿದಾಗ ಸ್ಕ್ರೀನಿನಲ್ಲಿ ಅದೇ ದಿಂಬು, ಅದೇ ಗೋಡೆ. ಮುಖ ಸಣ್ಣದಾಗ್ತಾ ಹೋಯ್ತು.

ಜನವರಿಯಲ್ಲಿ ಪರೀಕ್ಷೆ ಮುಗಿಸಿ ಹೋಗುವಾಗ ಲ್ಯಾಪ್‌ಟಾಪಲ್ಲಿ ನನ್ನ ಹತ್ತಿರ ಪ್ಲಾನ್ ರೆಡಿ ಇತ್ತು. ಸಿವಿಲ್ ಹುಡುಗಿ, ಆಟೋಕ್ಯಾಡ್ ಹೊಸದಾಗಿ ಕಲಿತಿದ್ದೆ. ಮುಂದೆ ರ‍್ಯಾಂಪ್. ಕಾಟಿನ ಕೆಳಗೆ ಸೆನ್ಸರ್, ಆಯಿ ಕಾಲಿಟ್ಟ ಕೂಡಲೇ ಅಪ್ಪನ ಮೊಬೈಲಿಗೆ ಅಲಾರಾಂ (ಇದು ನನ್ನ ಇ ಆ್ಯಂಡ್ ಸಿ ರೂಮ್‌ಮೇಟಿನ ಐಡಿಯಾ). ರ‍್ಯಾಂಪಿನ ಕಥೆ ಐದು ನಿಮಿಷದಲ್ಲಿ ಮುಗೀತು. ಕೇಂದ್ರ ಸರ್ಕಾರದ 2021ರ ಮಾರ್ಗಸೂಚಿ ಪ್ರಕಾರ ಇಳಿಜಾರು 1:12. ಮೂರು ಅಡಿ ಎತ್ತರಕ್ಕೆ 36 ಅಡಿ ಉದ್ದ ಬೇಕು. ನಮ್ಮ ಅಂಗಳ 14 ಅಡಿ. ಅದರಾಚೆ ರಸ್ತೆ, ರಸ್ತೆಯಾಚೆ ಎದುರುಮನೆಯವರ ಕೊಟ್ಟಿಗೆ. ನನ್ನ ರ‍್ಯಾಂಪ್ ಅವರ ಎಮ್ಮೆ ಹತ್ತಿರ ಹೋಗಿ ಮುಗೀತಿತ್ತು. (ನಮ್ಮ ಕ್ಯಾಂಪಸ್ಸಿನಲ್ಲಿ ಜಾಗ ಇದೆ, ರ‍್ಯಾಂಪೂ ಇದೆ, ಅದರ ಮೇಲೆ ಬೈಕೂ ಇವೆ. ನಿಲ್ಲಿಸಿದವರು ಇದನ್ನ ಓದ್ತಿದ್ದರೆ, ಹಾಯ್.)

ಅವತ್ತು ರಾತ್ರಿ ಪಾತ್ರೆ ತೊಳೀತಾ ಅವ್ವ ಹೇಳಿದಳು: "ನಿಮ್ಮ ಆಯಿ ಸಂಜೀ ಮುಂದ ನೀರ ಕುಡಿಯೂದ ಬಿಟ್ಟಾಳ." ನಾಲ್ಕು ಗಂಟೆಯ ಚಹಾ ಕುಡಿದರೆ ಮುಗೀತು, ಮರುದಿನ ಬೆಳಗಿನ ತನಕ ಒಂದು ಗುಟುಕು ಇಲ್ಲ. ರಾತ್ರಿ ಸೊಸೆಯನ್ನ ಎಬ್ಬಿಸಬಾರದು ಅಂತ. ಪ್ಯಾಡ್ ಹಾಕಿದರೆ ಕಿತ್ತು ಎಸೀತಾಳೆ. ಡಿಸೆಂಬರಿನಲ್ಲಿ ಉರಿಮೂತ್ರ ಆಗಿ ಜ್ವರ ಬಂದಿತ್ತಂತೆ, ನನಗೆ ಪರೀಕ್ಷೆ ಇದೆ ಅಂತ ಹೇಳಿರಲಿಲ್ಲ. ನಾವು ಆಯಿ ಬೀಳದ ಹಾಗೆ ನೋಡಿಕೊಂಡಿದ್ದೆವು ಸರಿ. ಅದಕ್ಕೆ ಆಕೆ ನೀರು ಬಿಟ್ಟಿದ್ದಳು.

ಬೆಳಿಗ್ಗೆ ಹೋಗಿ ಮೊದಲ ಸಲ ಆಯಿಯನ್ನೇ ಕೇಳಿದೆ, ನಿನಗ ಏನ ಬೇಕ ಅಂತ. ಯೋಚನೆ ಕೂಡ ಮಾಡಲಿಲ್ಲ. "ರಾತ್ರಿ ಬಚ್ಚಲಕ್ಕ ನಾನ ಎದ್ದ ಹೋಗಬೇಕ. ಮುಂಜಾನಿ ಕಟ್ಟೀ ಮ್ಯಾಲ ಕುಂಡರಬೇಕ." ಅಷ್ಟೇ. ಸೆನ್ಸರ್ ಬಗ್ಗೆ ಹೇಳಿದೆ. "ನಾ ಎದ್ದಿದ್ದ ನಿಮ್ಮಪ್ಪಗ ಫೋನಿನ್ಯಾಗ ಯಾಕ ಗೊತ್ತಾಗಬೇಕ?" ಅಂದಳು. ರೂಮ್‌ಮೇಟ್, ಸಾರಿ.

ಆಮೇಲೆ ಟೇಪು, ಸೀಮೆಸುಣ್ಣ ತಗೊಂಡು ರಾತ್ರಿಯ ದಾರಿ ಅಳೆದೆ. ಪಡಸಾಲೆಯ ಕಾಟಿನಿಂದ ಬಚ್ಚಲಿನ ತನಕ ಆಯಿಯ ಹೆಜ್ಜೆಯಲ್ಲಿ 23. ಅದರಲ್ಲಿ ಏನೇನು ತೊಡಕಿದೆ ಅಂತ ನೋಟ್‌ಬುಕ್ಕಿನಲ್ಲಿ ಗುರುತು ಹಾಕಿದೆ: ಬಾಗಿಲ ಪರದೆ ನೆಲಕ್ಕೆ ತಾಗ್ತದೆ, ಮೆಟ್ಟಿಲ ಹತ್ತಿರ ಹಿಡಿಯೋಕೆ ಏನಿಲ್ಲ, ಲೈಟಿನ ಸ್ವಿಚ್ ಬಾಗಿಲ ಹತ್ತಿರ, ಅಂದ್ರೆ ಕತ್ತಲಲ್ಲೇ ಅಲ್ಲಿ ತನಕ ಹೋಗಬೇಕು, ಅಡುಗೆಮನೆಯಲ್ಲಿ ಮಣೆ, ಬಚ್ಚಲಿನ ನೀರು ಹೊರಬರಬಾರದು ಅಂತ ಕಟ್ಟಿದ ನಾಲ್ಕಿಂಚಿನ ಸಿಮೆಂಟ್ ಹೊಸ್ತಿಲು, ಪಾಚಿಗಟ್ಟಿದ ಫರ್ಸಿ.

ಒಂದನ್ನ ಗುರುತು ಹಾಕಲಿಲ್ಲ. ಇಲ್ಲಿ ಬರೀತಿದ್ದೀನಿ. ಆ ದಸರಾ ರಾತ್ರಿ ಮೆಟ್ಟಿಲ ಹತ್ತಿರದ ಗೋಡೆಗೆ ಎಕ್ಸ್‌ಟೆನ್ಷನ್ ಬೋರ್ಡ್ ಇತ್ತು, ನಂದು. ಮೊಬೈಲ್ ಚಾರ್ಜಿಗೆ ಹಾಕಿ, ವೈರ್ ಎಳೆದುಕೊಂಡು, ನೆಲದ ಮೇಲೆ ಹಾಸಿಗೆಯಲ್ಲಿ ಏನೋ ನೋಡ್ತಾ ಮಲಗಿದ್ದೆ. ಆಯಿ ಯಾವಾಗಲೂ ಎಡಗೈಯಿಂದ ಆ ಗೋಡೆ ಸವರಿಕೊಂಡು ಹೋಗ್ತಿದ್ದಳು. ಬೋರ್ಡ್ ಇತ್ತು ಅಂತ ಬಲಕ್ಕೆ ಸರಿದಿರಬೇಕು. ಬಲಕ್ಕೆ ಹಿಡಿಯೋಕೆ ಏನೂ ಇಲ್ಲ. ಸಪ್ಪಳ ಕೇಳಿ ಎದ್ದವಳು ನಾನು ಮೊದಲು ಲೈಟ್ ಹಾಕಲಿಲ್ಲ. ಮೊದಲು ವೈರ್ ಎಳೆದು ಕಾಟಿನ ಕೆಳಗೆ ತಳ್ಳಿದೆ. ಆಮೇಲೆ ಲೈಟ್ ಹಾಕಿದೆ.

ಗೌಂಡಿ ಕಾಕಾ ಬಂದರು. 2019ರ ನಂತರ ನಮ್ಮ ಮನೆ ಕಟ್ಟಿದವರೇ. ನನ್ನ ಡ್ರಾಯಿಂಗನ್ನ ಮರ್ಯಾದೆಯಿಂದ ಪೂರ್ತಿ ನೋಡಿ, "ಕಾಟ್ ಹಿಂದಿನ ಖೋಲ್ಯಾಗ ಹಾಕಿದ್ರ ಮೆಟ್ಟಿಲಾನ ಬರೂದಿಲ್ಲಲಾ?" ಅಂದರು. ನಾನು ಮೂರು ವಾರ ಕೂತು ಬರೆದದ್ದರಲ್ಲಿ ಈ ಒಂದು ಗೆರೆ ಇರಲಿಲ್ಲ. ಆದರೆ ಆಯಿ ಒಪ್ಪಲಿಲ್ಲ. "ಹಿಂದಿನ ಖೋಲ್ಯಾಗ ಹಾಕಿದ್ರ ಯಾರ ಬಂದ್ರು ಯಾರ ಹೋದ್ರು ನನಗ ಹೆಂಗ ಗೊತ್ತಾಗಬೇಕ? ನಾ ಸತ್ತಂಗ." ಅದೂ ಖರೆ. ಪಡಸಾಲೆಯಲ್ಲಿದ್ದರೆ ಹಾಲಿನವರಿಂದ ಹಿಡಿದು ಕಬ್ಬಿನ ಗ್ಯಾಂಗಿನವರ ತನಕ ಎಲ್ಲರನ್ನೂ ಮಾತಾಡಿಸ್ತಾಳೆ. ಕೊನೆಗೆ ಆದದ್ದು ಹೀಗೆ: ರಾತ್ರಿ ಹಿಂದಿನ ಖೋಲಿ, ಹಗಲು ಪಡಸಾಲೆ. ರಾತ್ರಿಯ ದಾರಿಯಲ್ಲಿ ಮೆಟ್ಟಿಲೇ ಇಲ್ಲ, 9 ಹೆಜ್ಜೆ, ಸಪಾಟು. ಮೆಟ್ಟಿಲು ದಿನಕ್ಕೆ ಎರಡು ಸಲ, ಬೆಳಕಲ್ಲಿ, ಯಾರಾದರೂ ಜೊತೆಗಿದ್ದಾಗ. ಒಂಬತ್ತು ಇಂಚಿನ ಎರಡರ ಜಾಗದಲ್ಲಿ ನಾಲ್ಕೂವರೆ ಇಂಚಿನ ನಾಲ್ಕು ಮಾಡಿದೆವು, ಎರಡೂ ಬದಿ ಪೈಪು. ಮೇಲೊಂದು ವಾಕರ್, ಕೆಳಗೊಂದು. ಎರಡನೆಯದು ಓಣಿಯಲ್ಲಿ ಒಬ್ಬರ ಮನೆಯ ಮಾಳಿಗೆ ಮೇಲೆ ಬಿದ್ದಿತ್ತು, ಕೊಟ್ಟರು.

ಈಗ ಹಿಡಿಕೆಯ ಕಥೆ. ಇದನ್ನ ಸಿವಿಲ್, ಮೆಕ್ಯಾನಿಕಲ್‌ನವರು ಸ್ವಲ್ಪ ಗಮನ ಕೊಟ್ಟು ಓದಿ. ಆನ್‌ಲೈನಲ್ಲಿ ಸ್ಟೀಲ್ ಹಿಡಿಕೆ ತರಿಸಿ, ಬಚ್ಚಲಿನ ಗೋಡೆಗೆ ಡ್ರಿಲ್ ಹೊಡೆದು, ಅದರ ಜೊತೆಗೇ ಬಂದ ಪ್ಲಾಸ್ಟಿಕ್ ಗಿಟ್ಟಿ ಹಾಕಿ ಸ್ಕ್ರೂ ಬಿಗಿದೆ. ನೋಡೋಕೆ ಮಸ್ತ್. ಆಯಿಯನ್ನ ಕರೆಯೋ ಮೊದಲು ನಾನೇ ಹಿಡಿದು ಜೋತು ಬಿದ್ದೆ. ನನ್ನ ತೂಕ 52 ಕೆಜಿ. ಹಿಡಿಕೆ, ಗಿಟ್ಟಿ, ಅಂಗೈಯಗಲ ಗಿಲಾವು, ಹಿಂದಿನ ಮಣ್ಣು, ಎಲ್ಲಾ ಕೈಗೆ ಬಂತು. ಗಿಟ್ಟಿ ಕೆಲಸ ಮಾಡೋದು ಕಾಂಕ್ರೀಟಿನಲ್ಲಿ, ಗಟ್ಟಿ ಇಟ್ಟಿಗೆಯಲ್ಲಿ. ಅಲ್ಲಿ ಅದು ಉಬ್ಬಿ ಸುತ್ತಲಿನ ಗೋಡೆಯನ್ನ ಒತ್ತಿ ಹಿಡೀತದೆ. ನಮ್ಮದು ಹದಿನೆಂಟು ಇಂಚು ದಪ್ಪದ ಗೋಡೆ, ಕಲ್ಲಿನ ನಡುವೆ ಬರೀ ಮಣ್ಣು, ಮೇಲೆ ಅರ್ಧ ಇಂಚು ಸಿಮೆಂಟ್ ಗಿಲಾವು. ಒತ್ತೋಕೆ ಏನೂ ಇಲ್ಲ. ಅದೂ ಅಲ್ಲದೆ ಜಾರಿದವರು ಹಿಡಿಕೆ ಮೇಲೆ ನಿಧಾನಕ್ಕೆ ಭಾರ ಹಾಕಲ್ಲ, ಒಮ್ಮೆಲೇ ಜಗ್ಗುತ್ತಾರೆ. ಹಿಡಿಕೆ ಇಲ್ಲದಿದ್ದರೆ ಆಯಿ ಹುಷಾರಾಗಿ ನಿಂತಾಳು. ಇದೆ ಅಂತ ನಂಬಿ ಜಗ್ಗಿದಾಗ ಕಿತ್ತು ಬಂದರೆ?

ಕಾಕಾ ಗೋಡೆಯ ಆಚೆ ತನಕ ತೂತು ಹೊಡೆದು, ಉದ್ದದ ಥ್ರೆಡ್ ರಾಡ್ ಹಾಕಿ, ಅಡುಗೆಮನೆ ಕಡೆ ಅಂಗೈಗಿಂತ ದೊಡ್ಡ ಕಬ್ಬಿಣದ ಪ್ಲೇಟ್ ಇಟ್ಟು ನಟ್ ಬಿಗಿದರು. ಈಗ ಹಿಡಿಕೆ ಜಗ್ಗಿದರೆ ಆಚೆಯ ಪ್ಲೇಟ್ ಇಡೀ ಗೋಡೆಯನ್ನ ತಡೀತದೆ. ಸಂಡಾಸಿನಲ್ಲಿ ಕುರ್ಚಿಯಂಥ ಕಮೋಡನ್ನ ಹಳೇ ಸೀಟಿನ ಮೇಲೆ ಇಟ್ಟು, ಪಕ್ಕದಲ್ಲಿ ನೆಲದೊಳಗೆ ಕಾಂಕ್ರೀಟ್ ಹಾಕಿ ಪೈಪಿನ ಕಂಬ ನಿಲ್ಲಿಸಿದರು. ಪೈಪಿನ ದಪ್ಪಕ್ಕೂ ಜಗಳ ಆಯ್ತು. ಮಾರ್ಗಸೂಚಿಯಲ್ಲಿ 38ರಿಂದ 45 ಮಿಲಿಮೀಟರ್ ಇದೆ ಅಂತ ನಾನು ಒಂದೂಕಾಲು ಇಂಚಿನ ಜಿಐ ಪೈಪ್ ತಂದಿದ್ದೆ, ಹೊರಗಿನ ಅಳತೆ ಸುಮಾರು 42. ಆಯಿ ಹಿಡಿದು ನೋಡಿ "ದಪ್ಪ ಆತು" ಅಂದಳು. ಆಕೆಯ ತವರು ನಿಪ್ಪಾಣಿ, ಮದುವೆಗೆ ಮೊದಲು ಬೀಡಿ ಕಟ್ಟಿದ ಕೈ, ಬೆರಳು ಸಣ್ಣ. ವೆಲ್ಡಿಂಗ್ ಅಂಗಡಿಯಲ್ಲಿ ಬೇರೆ ಬೇರೆ ತುಂಡು ತಂದು ಕೈಗೆ ಕೊಟ್ಟೆ. ಒಂದು ಇಂಚಿನ ಪೈಪ್ ಆರಿಸಿದಳು, ಸುಮಾರು 34 ಮಿಲಿಮೀಟರ್. ಒದ್ದೆ ಕೈ ಜಾರಬಾರದು ಅಂತ ಸೈಕಲ್ ಟ್ಯೂಬ್ ಕತ್ತರಿಸಿ ಸುತ್ತಿದೆವು.

ಜಾರೋ ಫರ್ಸಿಗೆ ನನ್ನ ಹತ್ತಿರ ಉತ್ತರ ಇದ್ದದ್ದು ರಬ್ಬರ್ ಮ್ಯಾಟ್. ಮ್ಯಾಟ್ ಅಂಚಿಗೆ ವಾಕರ್ ಕಾಲು ಸಿಕ್ಕಿಕೊಳ್ತದೆ ಅಂತ ಮೊದಲ ದಿನವೇ ಗೊತ್ತಾಯ್ತು. ಆಯಿ ಕೇಳಿದಳು: "ಬೀಸೂ ಕಲ್ಲ ನುಣ್ಣಗಾದ್ರ ಟಾಕಿ ಹಾಕಸ್ತೀವಲಾ, ಇದಕ್ಕೂ ಹಾಕಸ್ರಿ." ಉಳಿಯಿಂದ ಸಣ್ಣ ಸಣ್ಣ ಏಟು ಹೊಡೆದು ಕಲ್ಲನ್ನ ಒರಟು ಮಾಡೋದು. ಕಾಕಾ ಒಂದು ಮಧ್ಯಾಹ್ನ ಕೂತು ಬಚ್ಚಲಿನ ಇಡೀ ಫರ್ಸಿಗೆ ಟಾಕಿ ಹಾಕಿದರು. ಸಿಮೆಂಟ್ ಹೊಸ್ತಿಲು ಒಡೆದು, ನೀರು ಹೊರಬರದ ಹಾಗೆ ನೆಲವನ್ನ ಮೋರಿ ಕಡೆ ಇಳಿಜಾರು ಮಾಡಿದರು. ಸಂಡಾಸಿನ ಬಾಗಿಲನ್ನ ಹೊರಗೆ ತೆರೆಯೋ ಹಾಗೆ ತಿರುಗಿಸಿದೆವು. ಒಳಗೆ ತೆರೆಯೋ ಬಾಗಿಲಿದ್ದು, ಒಳಗಿದ್ದವರು ಅದಕ್ಕೇ ಒರಗಿ ಬಿದ್ದರೆ ತೆರೆಯೋಕೇ ಬರಲ್ಲ. ಚಿಲಕ ತೆಗೆಯೋಣ ಅಂದಾಗ ಮಾತ್ರ ಆಯಿ ಸಿಟ್ಟಾದಳು. ಚಿಲಕ ಉಳೀತು, ಹೊರಗಿನಿಂದಲೂ ತೆರೆಯೋ ತರಹದ್ದು. ಸಹಾಯ ಬೇಕಾದರೆ ಒತ್ತೋಕೆ ಒಂದು ವೈರ್‌ಲೆಸ್ ಬೆಲ್ ತಂದಿದ್ದೆ, ಅದು ಡಬ್ಬಿಯಲ್ಲೇ ಇದೆ. ಹಿಡಿಕೆ ಗೋಡೆಯ ಆಚೆಯ ಪ್ಲೇಟಿಗೆ ಜೋಡಿಸಿದ್ದಲ್ವಾ, ಆಯಿ ಚರಗಿಯಿಂದ ಹಿಡಿಕೆಗೆ ಹೊಡೆದರೆ ಅಡುಗೆಮನೆಯಲ್ಲಿ ಗಂಟೆ ಬಾರಿಸಿದ ಹಾಗೆ ಕೇಳ್ತದೆ. ಅದನ್ನ ಡಿಸೈನ್ ಮಾಡಿದ್ದು ನಾನು ಅಂತ ಹೇಳಿಕೊಳ್ಳೋ ಆಸೆ ಇದೆ, ಆದರೆ ಅಲ್ಲ.

ನನ್ನದು ಅಂತ ಇದ್ದದ್ದು ಒಂದೇ, ಟೂ ವೇ ಸ್ವಿಚ್. ಫಸ್ಟ್ ಇಯರ್ ಬೇಸಿಕ್ ಎಲೆಕ್ಟ್ರಿಕಲ್‌ನಲ್ಲಿ ಎಲ್ಲರೂ ಬೈಕೊಂಡು ಬರೆದ ಸರ್ಕ್ಯೂಟ್. ಕಾಟಿನ ಪಕ್ಕ ಒಂದು ಸ್ವಿಚ್, ಬಚ್ಚಲ ಹತ್ತಿರ ಇನ್ನೊಂದು, ಒಂದೇ ಬಲ್ಬು. ಕರೆಂಟು ಹೋದರೂ ಉರಿಯೋ ಚಾರ್ಜಿಂಗ್ ಬಲ್ಬು ಇನ್ನೊಂದು. ಚಪ್ಪಲಿಗೆ ಅಪ್ಪ ಅಥಣಿಗೆ ಹೋದ. ಕೊಲ್ಲಾಪುರಿ ಅಂತ ಹೆಸರಿದ್ದರೂ ಅದನ್ನ ಅಥಣಿ, ನಿಪ್ಪಾಣಿ ಕಡೆಯೂ ಮಾಡ್ತಾರೆ, 2019ರಲ್ಲಿ ಸಿಕ್ಕ ಜಿಐ ಟ್ಯಾಗಿನಲ್ಲಿ ಬೆಳಗಾವಿ ಜಿಲ್ಲೆಯೂ ಇದೆ. ಅಲ್ಲಿ ಹಿಂದೆ ಪಟ್ಟಿ, ಕೆಳಗೆ ರಬ್ಬರ್ ಸೋಲ್ ಹಾಕಿಸಿಕೊಂಡು ಬಂದ. ಮಾಡಿಕೊಟ್ಟವರು ನಕ್ಕರಂತೆ. ಆಯಿಗೆ ಪ್ಲಾಸ್ಟಿಕ್ ಸ್ಯಾಂಡಲ್ ಆಗಲ್ಲ, ಏನು ಮಾಡೋದು.

ಮುಂಬಾಗಿಲ ಹೊಸ್ತಿಲನ್ನ ಮುಟ್ಟಲಿಲ್ಲ. ನೆರೆಯಲ್ಲಿ ಉಳಿದ ಹಳೇ ಮನೆಯ ಸಾಗವಾನಿ ಅದೊಂದೇ, ದಿನಾ ಅರಿಶಿನ ಕುಂಕುಮ ಬೀಳೋ ಹೊಸ್ತಿಲು. ನಾಲ್ಕೂವರೆ ಇಂಚು. ಮರದ ಇಳಿಜಾರು ಇಡೋಣ ಅಂದ್ರೆ ಮತ್ತೆ ಅದೇ 1:12, ಒಂದೊಂದು ಬದಿಗೆ ನಾಲ್ಕೂವರೆ ಅಡಿ. ಕಟ್ಟೆಯೇ ನಾಲ್ಕು ಅಡಿ ಅಗಲ. ಚೌಕಟ್ಟಿಗೆ ಎರಡೂ ಕಡೆ ಹಿಡಿಕೆ ಹಾಕಿದೆವು, ಗಟ್ಟಿ ಕಾಲು ಮೊದಲು ದಾಟಿಸ್ತಾಳೆ. ರ‍್ಯಾಂಪ್ ಬದಲಿಗೆ ಮುಂದಿನ ಮೆಟ್ಟಿಲಿಗೂ ಎರಡೂ ಬದಿ ಕಂಬಿ, ಎರಡೂ ಕೈಗೆ ಸಿಗಲಿ ಅಂತ ಹತ್ತಿರ ಹತ್ತಿರ.

ಯುಗಾದಿಗೆ ಹೋದಾಗ ಆಯಿ ಕಟ್ಟೆ ಮೇಲೆ ಕುರ್ಚಿಯಲ್ಲಿ ಕೂತಿದ್ದಳು. ಪಕ್ಕದಲ್ಲಿ ಚರಗಿ ತುಂಬ ನೀರು. ರಾತ್ರಿ ಎರಡು ಸಲ ಎದ್ದು ಹೋಗ್ತಾಳಂತೆ, ಅವ್ವನಿಗೆ ಈಗೀಗ ಎಚ್ಚರ ಆಗಲ್ಲ. ಯಾರೂ ಇಲ್ಲದ ಹೊತ್ತು ನೋಡಿ ಹೇಳಿದೆ. ಬೋರ್ಡ್, ವೈರ್, ಲೈಟ್ ಹಾಕೋಕೆ ಮೊದಲು ಕಾಟಿನ ಕೆಳಗೆ ತಳ್ಳಿದ್ದು, ಎಲ್ಲಾ.

"ಯಾವ ವಾಯರ?" ಅಂದಳು. "ನನಗ ರಾತ್ರಿ ಎಲ್ಲಿ ಕಣ್ಣ ಕಾಣತಾವ. ಸೀರಿ ಕಾಲಾಗ ಸಿಕ್ಕಿತ್ತ."

ಅಪ್ಪನಿಗೆ ಚಪ್ಪಲಿ ಜಾರಿತು ಅಂದಿದ್ದಾಳೆ. ಡಾಕ್ಟರಿಗೆ ತಲೆ ತಿರುಗಿತು ಅಂದಿದ್ದಾಳೆ. ನನಗೆ ಸೀರೆ. ಯಾವುದು ಖರೆ ಅಂತ ನನಗೆ ಗೊತ್ತಿಲ್ಲ. ಇನ್ನೊಂದು ಸಲ ಕೇಳೋಣ ಅಂತ ಬಾಯಿ ತೆರೆಯೋಷ್ಟರಲ್ಲಿ ಆಯಿ ಹೊಳೆ ಕಡೆ ಮುಖ ಮಾಡಿ, "ಅದ ಇರ್ಲಿ. ಮಳಿಗಾಲದಾಗ ನೀರ ಬಂದ್ರ ನನ್ನ ಹೆಂಗ ಒಯ್ಯತೀರಿ? ಅದನ್ನ ಹೇಳ ಮೊದಲ" ಅಂದಳು.

2019ರಲ್ಲಿ ಆಯಿ ತಾನೇ ನಡೆದು, ಒಂದು ಕೈಯಲ್ಲಿ ಆಡಿನ ಹಗ್ಗ ಹಿಡಿದು ಟ್ರ್ಯಾಕ್ಟರ್ ಹತ್ತಿದ್ದಳು. ಈಗ ಮತ್ತೆ ಕುರ್ಚಿ ಸಮೇತ ಎತ್ತಬೇಕು, ನಾಲ್ಕು ಜನ. ಒಳಗೆ ಹೋಗಿ ಟೇಪ್ ತಂದೆ. ಆಯಿಯನ್ನ ಎಬ್ಬಿಸದೆ ಕುರ್ಚಿಯ ಅಗಲ ಅಳೆದೆ, 24 ಇಂಚು. ಮುಂದಿನ ಮೆಟ್ಟಿಲಿಗೆ ನಾವೇ ಹಾಕಿಸಿದ ಕಂಬಿಗಳ ನಡುವೆ 22. ಒಂದು ಬದಿಯ ಕಂಬಿಯನ್ನ ಕಳಚೋ ಹಾಗೆ ಮಾಡಿಸಬೇಕು. ಗೌಂಡಿ ಕಾಕಾಗೆ ಫೋನ್ ಹಚ್ಚಿದೆ. "ಜೂನ್ ಒಳಗ ಮಾಡೂಣು" ಅಂದರು. ಮೇ ಒಳಗ ಮಾಡ್ರಿ ಕಾಕಾ, ಅಂದೆ.